ಮಿಡಿಯುವ ಹೃದಯ, ಹರಿಯುವ ರಕ್ತ, ಎಂಆರ್‌ಐ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಂಡಿಯ ಎಂಆರ್‌ಐ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು. ಹೃದಯದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ‘ಉಸಿರು ಬಿಡಿ, ಹಾಗೇ ಹಿಡಿಯಿರಿ’ ಎಂದು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅಷ್ಟು ಸಲ ಯಾಕೆ? ಎಳೆದುಕೊಂಡು ಹಿಡಿಯುವುದು ಬಿಟ್ಟು, ಹೊರಗೆ ಬಿಟ್ಟು ಹಿಡಿಯಿರಿ ಎನ್ನುವುದು ಯಾಕೆ?

ಉತ್ತರ: ಪರದೆಯ ಮೇಲೆ ಬಡಿಯುತ್ತಿರುವಂತೆ ಕಾಣುವ ಆ ಹೃದಯ ಒಂದೇ ಬಡಿತದ್ದಲ್ಲ. ಹಲವು ಬಡಿತಗಳಿಂದ ಚೂರುಚೂರಾಗಿ ಆರಿಸಿ ಹೊಂದಿಸಿದ್ದು. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಿಮಿಷಕ್ಕೆ 60 ಬಡಿತ ಎಂದುಕೊಳ್ಳಿ. ಒಂದು ಬಡಿತಕ್ಕೆ 1000 ಮಿಲಿಸೆಕೆಂಡ್. ಅದನ್ನು 25 ಚಿತ್ರಗಳಾಗಿ ಭಾಗಿಸಿದರೆ ಒಂದೊಂದಕ್ಕೆ 40 ಮಿಲಿಸೆಕೆಂಡ್ ಸಿಗುತ್ತದೆ. ಯಂತ್ರ ಒಂದು ಸಾಲು ಮಾಹಿತಿ ಪಡೆಯಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ ಒಂದು ಬಡಿತದಲ್ಲಿ ಪ್ರತಿ ಚಿತ್ರಕ್ಕೆ 13 ಸಾಲು ಮಾತ್ರ ದಕ್ಕುತ್ತವೆ. ಪೂರ್ತಿ ಚಿತ್ರಕ್ಕೆ 150 ಸಾಲು ಬೇಕಾದರೆ ಹನ್ನೆರಡು ಬಡಿತ ಕಾಯಬೇಕು. ಅಷ್ಟೂ ಹೊತ್ತು ಎದೆ ಅಲುಗಾಡಬಾರದು. ಇದು ಒಂದು ಸ್ಲೈಸಿನ, ಅಂದರೆ ಹೃದಯದ ಒಂದು ಅಡ್ಡಪದರದ ಚಿತ್ರದ ಕಥೆ. ಎಡ ಹೃತ್ಕುಕ್ಷಿಯನ್ನು ಬುಡದಿಂದ ತುದಿಯವರೆಗೆ 8 ಮಿಲಿಮೀಟರ್ ದಪ್ಪದ ಸ್ಲೈಸುಗಳಲ್ಲಿ ಮುಚ್ಚಲು ಹತ್ತು ಹನ್ನೆರಡು ಸ್ಲೈಸು ಬೇಕು. ಅದರ ಮೇಲೆ ಉದ್ದಕ್ಕೆ ತೆಗೆಯುವ ಚಿತ್ರಗಳು ಬೇರೆ.

ಉಸಿರು ಹೊರಗೆ ಬಿಟ್ಟಾಗ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯು) ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎಳೆದುಕೊಂಡಾಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇಳಿಯುತ್ತದೆ. ಅದರ ಮೇಲೆ ಕುಳಿತ ಹೃದಯವೂ ಜೊತೆಗೆ ಜರುಗುತ್ತದೆ. ಆಗ ಒಂದು ಭಾಗ ಎರಡು ಸ್ಲೈಸಿನಲ್ಲಿ ಬಂದು, ಇನ್ನೊಂದು ಭಾಗ ಎಲ್ಲಿಯೂ ಬಾರದೆ ಹೋಗಬಹುದು. ಚಿತ್ರ ಒಂದೊಂದಾಗಿ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಒಟ್ಟು ಗಾತ್ರ ಮಾತ್ರ ತಪ್ಪುತ್ತದೆ. ಕಣ್ಣಿಗೆ ಬೀಳದ ತಪ್ಪು ಇದು, ಅದಕ್ಕೇ ಹೆಚ್ಚು ಅಪಾಯದ್ದು.

ಸ್ಕ್ಯಾನಿಗೆ ಹೋಗುವವರಿಗೆ ಒಂದು ಮಾತು: ಗಾಳಿಯನ್ನೆಲ್ಲ ಹಿಂಡಿ ಬಿಡಬೇಡಿ. ಮಾಮೂಲಿಯಾಗಿ ಉಸಿರು ಬಿಟ್ಟು, ಅಲ್ಲೇ ನಿಲ್ಲಿಸಿ. ಹತ್ತು ಸೆಕೆಂಡ್ ಆಗದಿದ್ದರೆ ಶುರುವಿನಲ್ಲೇ ಟೆಕ್ನೀಷಿಯನ್‌ಗೆ ಹೇಳಿ. ಸಾಲುಗಳನ್ನು ಕಡಿಮೆ ಮಾಡಿ ಹೊತ್ತನ್ನು ಅರ್ಧಕ್ಕೆ ಇಳಿಸುವ ದಾರಿ ಅವರ ಬಳಿ ಇದೆ. ಸಂಕೋಚಪಟ್ಟುಕೊಂಡು ಏಳನೇ ಸೆಕೆಂಡಿಗೆ ಸದ್ದಿಲ್ಲದೆ ಉಸಿರೆಳೆದುಕೊಂಡರೆ ಆ ಚಿತ್ರ ಕೆಡುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ಏಟ್ರಿಯಲ್ ಫಿಬ್ರಿಲೇಷನ್ (ಬಡಿತ ಏರುಪೇರಾಗುವ ಕಾಯಿಲೆ) ಇದೆ. ಸ್ಕ್ಯಾನ್ ಕೊಠಡಿಯಲ್ಲಿ ಇಸಿಜಿ ಸಿಗದೆ ಅರ್ಧ ಗಂಟೆ ಒದ್ದಾಡಿದರು. ಕೊನೆಗೆ ಚಿತ್ರಗಳು ಮಸುಕಾಗಿವೆ ಎಂದರು. ಯಂತ್ರದ ದೋಷವೇ?

ಉತ್ತರ: ಅಲ್ಲ. ಇಲ್ಲಿ ಎರಡು ತೊಂದರೆಗಳು ಸೇರಿಕೊಂಡಿವೆ.

ಒಂದು, ಅಯಸ್ಕಾಂತದೊಳಗೆ ಇಸಿಜಿಯ ರೂಪವೇ ಬದಲಾಗುತ್ತದೆ. ರಕ್ತ ವಿದ್ಯುತ್ ವಾಹಕ. ಬಲವಾದ ಕಾಂತಕ್ಷೇತ್ರದಲ್ಲಿ ಅದು ಮಹಾಪಧಮನಿಯ ಬಾಗಿನಲ್ಲಿ ರಭಸದಿಂದ ಹರಿಯುವಾಗ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹೃದಯ ರಕ್ತ ಚಿಮ್ಮುವ ಹೊತ್ತು ಇಸಿಜಿಯಲ್ಲಿ ಬಡಿತದ ಕೊನೆಗೆ ಬರುವ ಟಿ ಅಲೆಯ ಆಸುಪಾಸಿನದು, ಹಾಗಾಗಿ ಟಿ ಅಲೆ ಎದ್ದು ನಿಲ್ಲುತ್ತದೆ. ಯಂತ್ರ ಅದನ್ನೇ ಬಡಿತದ ಗುರುತಾದ ಆರ್ ಅಲೆ ಎಂದು ಎಣಿಸಿದರೆ ಒಂದು ಬಡಿತ ಎರಡಾಗುತ್ತದೆ. 3 ಟೆಸ್ಲಾದಲ್ಲಿ ಇದು 1.5 ಟೆಸ್ಲಾಗಿಂತ ಜಾಸ್ತಿ (ಟೆಸ್ಲಾ ಎಂದರೆ ಅಯಸ್ಕಾಂತದ ಶಕ್ತಿಯ ಅಳತೆ). (ಇದೇ ಕಾರಣಕ್ಕೆ ಯಂತ್ರದೊಳಗಿನ ಇಸಿಜಿ ನೋಡಿ ಹೃದಯಾಘಾತವನ್ನು ಗುರುತಿಸಲು ಹೋಗಬಾರದು.) ಪರಿಹಾರ ತುಂಬ ಸರಳ ಕೆಲಸಗಳಲ್ಲಿದೆ: ಎದೆಯ ಕೂದಲು ತೆಗೆದು, ಚರ್ಮ ಉಜ್ಜಿ ಒಣಗಿಸಿ, ಎಂಆರ್‌ಐಗೆಂದೇ ಮಾಡಿದ ಹೊಸ ಎಲೆಕ್ಟ್ರೋಡ್ ಹತ್ತಿರ ಹತ್ತಿರ ಅಂಟಿಸುವುದು. ತಂತಿ ಸುರುಳಿಯಾಗಬಾರದು, ಬರಿ ಮೈಗೆ ತಾಗಬಾರದು, ಸುಟ್ಟ ಗಾಯವಾಗುತ್ತದೆ. ಅಲೆಗಳನ್ನು ಹೊರಗೊಮ್ಮೆ, ಸುರಂಗದೊಳಗೆ ಹೋದ ಮೇಲೆ ಮತ್ತೊಮ್ಮೆ ನೋಡಬೇಕು. ಇದಕ್ಕೆ ಕೊಡುವ ಐದು ನಿಮಿಷ ಮುಂದಿನ ಅರ್ಧ ಗಂಟೆ ಉಳಿಸುತ್ತದೆ.

ಎರಡನೆಯದು ತಾಯಿಯವರ ಬಡಿತದ್ದೇ. ಹನ್ನೆರಡು ಬಡಿತಗಳ ಚೂರುಗಳನ್ನು ಹೊಂದಿಸುತ್ತೇವೆ ಎಂದೆವಲ್ಲ, ಒಂದು ಬಡಿತ 600 ಮಿಲಿಸೆಕೆಂಡ್, ಮುಂದಿನದು 1100 ಆದರೆ ಚೂರುಗಳು ಕೂಡುವುದಿಲ್ಲ. ಇಂಥವರಿಗೆ ಒಂದೇ ಬಡಿತದಲ್ಲಿ ಚಿತ್ರ ಮುಗಿಸುವ ರಿಯಲ್‌ಟೈಮ್ ವಿಧಾನ ಬಳಸಬೇಕು. ವಿವರ ಸ್ವಲ್ಪ ಕಡಿಮೆ, ಆದರೆ ನಂಬಬಹುದು. ಮೊದಲೇ ಔಷಧಿಯಿಂದ ಬಡಿತದ ವೇಗ ಹತೋಟಿಗೆ ಬಂದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ರಿಪೋರ್ಟಿನಲ್ಲಿ ‘ಲೇಟ್ ಗ್ಯಾಡೋಲಿನಿಯಂ ಎನ್‌ಹ್ಯಾನ್ಸ್‌ಮೆಂಟ್, ಮಿಡ್‌ವಾಲ್’ ಎಂದಿದೆ. ಬಿಳಿ ಕಂಡರೆ ಹೃದಯಾಘಾತ ಆಗಿದೆ ಎಂದೇ ಅರ್ಥವೇ? ಆ ಔಷಧಿ ಮೂತ್ರಪಿಂಡಕ್ಕೆ ಕೆಟ್ಟದ್ದೇ?

ಉತ್ತರ: ಬಿಳಿ ಎಲ್ಲಿದೆ ಎನ್ನುವುದೇ ಮುಖ್ಯ. ರಕ್ತನಾಳಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಔಷಧಿ ಜೀವಂತ ಸ್ನಾಯುಕೋಶದ ಒಳಗೆ ಹೋಗುವುದಿಲ್ಲ, ಕೋಶಗಳ ನಡುವಿನ ಜಾಗದಲ್ಲಿ ಮಾತ್ರ ಇರುತ್ತದೆ. ಕೋಶ ಸತ್ತು ಕಲೆಗಟ್ಟಿದ ಕಡೆ ಆ ಜಾಗ ದೊಡ್ಡದು. ಅಲ್ಲಿಗೆ ಹೆಚ್ಚು ಸೇರುತ್ತದೆ, ತಡವಾಗಿ ಹೊರಬೀಳುತ್ತದೆ. ಕಿಲೋ ತೂಕಕ್ಕೆ 0.1ರಿಂದ 0.2 ಮಿಲಿಮೋಲ್ ಕೊಟ್ಟು ಹತ್ತು ಹದಿನೈದು ನಿಮಿಷ ಕಾದರೆ ಆರೋಗ್ಯವಾದ ಸ್ನಾಯುವಿನಿಂದ ಅದು ಬಹುಪಾಲು ಹೋಗಿ, ಕಲೆಯಲ್ಲಿ ಉಳಿದಿರುತ್ತದೆ.

ಹೃದಯಾಘಾತದ ಕಲೆ ಯಾವಾಗಲೂ ಒಳಪದರದಿಂದ ಶುರುವಾಗಿ ಹೊರಕ್ಕೆ ಹರಡುತ್ತದೆ, ಒಂದು ಕರೊನರಿ (ಹೃದಯಕ್ಕೇ ರಕ್ತ ಕೊಡುವ) ರಕ್ತನಾಳದ ವ್ಯಾಪ್ತಿಯಲ್ಲೇ ಇರುತ್ತದೆ. ಒಳಪದರ ಚೆನ್ನಾಗಿದ್ದು ಗೋಡೆಯ ನಡುವೆ ಗೆರೆಯಂತೆ ಬಿಳಿ ಇದ್ದರೆ ಸ್ನಾಯುವಿನದೇ ಕಾಯಿಲೆಯನ್ನು ಯೋಚಿಸಬೇಕು. ಹೊರಪದರದಲ್ಲಿದ್ದರೆ ಸ್ನಾಯುವಿನ ಉರಿಯೂತ. 2000ದಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಲೆ ಗೋಡೆಯ ದಪ್ಪದಲ್ಲಿ ಎಷ್ಟು ಪಾಲು ಆವರಿಸಿದೆ ಎನ್ನುವುದನ್ನು ಅಳೆದು, ಆ ಪಾಲು ಹೆಚ್ಚಿದಷ್ಟೂ ರಕ್ತ ಪೂರೈಕೆ ಸರಿಪಡಿಸಿದ ಮೇಲೆ ಆ ಭಾಗ ಚೇತರಿಸಿಕೊಳ್ಳುವ ಸಾಧ್ಯತೆ ಇಳಿಯುತ್ತದೆ ಎಂದು ತೋರಿಸಿತು. ಅಲ್ಲಿಯವರೆಗೆ ಕುಗ್ಗದ ಗೋಡೆಯನ್ನು ಸತ್ತದ್ದೆಂದು ಎಣಿಸುವುದು ಸುಲಭವಿತ್ತು.

ಈ ಚಿತ್ರ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಇನ್ವರ್ಷನ್ ಟೈಮ್ ಎಂಬ, ಚಿತ್ರ ತೆಗೆಯುವ ಮುನ್ನ ಕಾಯುವ ಅವಧಿ. ಆರೋಗ್ಯವಾದ ಸ್ನಾಯು ಪೂರ್ತಿ ಕಪ್ಪಾಗುವ ಕ್ಷಣವನ್ನು ಹಿಡಿಯಬೇಕು, 1.5 ಟೆಸ್ಲಾದಲ್ಲಿ ಸಾಮಾನ್ಯವಾಗಿ 200ರಿಂದ 350 ಮಿಲಿಸೆಕೆಂಡ್. ಔಷಧಿ ಹೊರಹೋಗುತ್ತಿದ್ದಂತೆ ಆ ಕ್ಷಣ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಶುರುವಿನಲ್ಲಿ ಇಟ್ಟ ಅಂಕಿಯನ್ನು ಕೊನೆಯವರೆಗೂ ಹಾಗೇ ಬಿಟ್ಟರೆ ಸ್ನಾಯು ಬೂದಾಗಿ, ಕಲೆ ಅದರಲ್ಲಿ ಮುಳುಗುತ್ತದೆ. ಯಾವ ಅಂಕಿಗೂ ಸ್ನಾಯು ಸರಿಯಾಗಿ ಕಪ್ಪಾಗದಿದ್ದರೆ, ಇಲ್ಲವೇ ರಕ್ತಕ್ಕಿಂತ ಮೊದಲೇ ಸ್ನಾಯು ಕಪ್ಪಾದರೆ ಟೆಕ್ನೀಷಿಯನ್ ತನ್ನ ಕೈಯ ತಪ್ಪೆಂದು ಸುಮ್ಮನಾಗಬಾರದು, ವೈದ್ಯರನ್ನು ಕರೆಯಬೇಕು. ಅಮೈಲಾಯ್ಡ್ ಕಾಯಿಲೆ (ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ತುಂಬುವುದು) ಹಾಗೆಯೇ ಸುಳಿವು ಕೊಡುತ್ತದೆ.

ಮೂತ್ರಪಿಂಡದ ವಿಷಯ: ಇಲ್ಲಿ ಚಿಂತೆ ಔಷಧಿ ಮೂತ್ರಪಿಂಡವನ್ನು ಕೆಡಿಸುವುದರದ್ದಲ್ಲ; ತೀರಾ ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು ಎಂಬುದರದ್ದು. ಹಾಗೆ ಉಳಿದ ಗ್ಯಾಡೋಲಿನಿಯಂಗೂ ಚರ್ಮ, ಕೀಲು ಗಟ್ಟಿಯಾಗುವ ಕಾಯಿಲೆಗೂ ಇರುವ ನಂಟು 2006ರಲ್ಲಿ ಹೊರಬಿತ್ತು. ಹೆಚ್ಚಿನವು ಲೀನಿಯರ್ ಬಗೆಯ ಔಷಧಿಗಳಿಂದ ಆದವು. ಈಗ ಬಳಸುವ ಮ್ಯಾಕ್ರೋಸೈಕ್ಲಿಕ್ ಬಗೆ ಗ್ಯಾಡೋಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುತ್ತದೆ, ಅಪಾಯ ಬಹಳ ಕಡಿಮೆ. ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎನ್ನುವ ಅಂಕಿ) 30ಕ್ಕಿಂತ ಕೆಳಗಿದ್ದರೆ ಮಾತ್ರ ತಪ್ಪದೆ ಮೊದಲೇ ತಿಳಿಸಿ.

ಪ್ರಶ್ನೆ: ಮಗನಿಗೆ ಥಲಸ್ಸೀಮಿಯಾ. ಪದೇ ಪದೇ ರಕ್ತ ಕೊಡಿಸುವುದರಿಂದ ಮೈಯಲ್ಲಿ ಕಬ್ಬಿಣ ಸೇರುತ್ತದಂತೆ; ಅದನ್ನು ತೋರಿಸುವ ರಕ್ತಪರೀಕ್ಷೆ ಫೆರಿಟಿನ್ ಇಳಿಯುತ್ತಿದೆ. ಆದರೂ ಹೃದಯದ ಟಿ2 ಸ್ಟಾರ್ (ಕಬ್ಬಿಣ ಅಳೆಯುವ ಎಂಆರ್‌ಐ) ಮಾಡಿಸಬೇಕು ಎನ್ನುತ್ತಾರೆ. ಬೇಕೇ?

ಉತ್ತರ: ಬೇಕು. ಫೆರಿಟಿನ್ ಆಗಲಿ, ಯಕೃತ್ತಿನ ಕಬ್ಬಿಣಾಂಶವಾಗಲಿ ಹೃದಯದಲ್ಲಿ ಎಷ್ಟು ಕಬ್ಬಿಣ ಕೂತಿದೆ ಎಂದು ಹೇಳುವುದಿಲ್ಲ. ಯಕೃತ್ತಿನಿಂದ ಬೇಗ ಖಾಲಿಯಾಗುತ್ತದೆ, ಹೃದಯದಿಂದ ನಿಧಾನ. ಪರೀಕ್ಷೆಗೆ ಔಷಧಿ ಚುಚ್ಚಬೇಕಾಗಿಲ್ಲ. ಒಂದು ಉಸಿರಿನಷ್ಟು ಹೊತ್ತು ಸಾಕು. 1.5 ಟೆಸ್ಲಾದಲ್ಲಿ 20 ಮಿಲಿಸೆಕೆಂಡಿಗಿಂತ ಕಡಿಮೆ ಬಂದರೆ ಕಬ್ಬಿಣ ಸೇರಿದೆ, 10ಕ್ಕಿಂತ ಕಡಿಮೆಯಾದರೆ ತೀವ್ರ. ಈ ಗಡಿಗಳು 3 ಟೆಸ್ಲಾಗೆ ಹೊಂದುವುದಿಲ್ಲ, ಆದ್ದರಿಂದ ಪ್ರತಿ ವರ್ಷವೂ ಒಂದೇ ಶಕ್ತಿಯ ಯಂತ್ರದಲ್ಲಿ ಮಾಡಿಸಿ. ಅಳತೆ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯದೇ ಆಗಿರಬೇಕು. ಉಳಿದ ಗೋಡೆಗಳ ಪಕ್ಕದಲ್ಲಿ ಶ್ವಾಸಕೋಶದ ಗಾಳಿ, ಹೃದಯದ ರಕ್ತನಾಳಗಳು ಇರುವುದರಿಂದ ಕಬ್ಬಿಣ ಇಲ್ಲದೆಯೂ ಅಂಕಿ ಕಡಿಮೆ ಬರುತ್ತದೆ.

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ. ಫೇಸ್ ಕಾಂಟ್ರಾಸ್ಟ್‌ನಲ್ಲಿ (ರಕ್ತದ ವೇಗ ಅಳೆಯುವ ಎಂಆರ್‌ಐ ವಿಧಾನ) ಮಹಾಪಧಮನಿಯ ಹರಿವು, ಶ್ವಾಸಕೋಶದ ಅಪಧಮನಿಯ ಹರಿವು ಎರಡನ್ನೂ ಅಳೆಯುತ್ತೇನೆ. ಆರೋಗ್ಯವಂತರಲ್ಲೂ ಎರಡೂ ಹೊಂದುತ್ತಿಲ್ಲ. ಕೆಲವರಲ್ಲಿ ನಾಳದ ನಡುವೆ ಹಿಮ್ಮುಖ ಹರಿವು ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹಿಮ್ಮುಖ ಹರಿವಿನಿಂದ ಶುರು ಮಾಡೋಣ. ಬಹುಶಃ ನೀವು ವೆಂಕ್ ಅನ್ನು, ಅಂದರೆ ಅಳೆಯಬಹುದಾದ ವೇಗದ ಮಿತಿಯನ್ನು, ಕಡಿಮೆ ಇಟ್ಟಿದ್ದೀರಿ. ವೆಂಕ್ 150 ಸೆಂಟಿಮೀಟರ್ ಇದ್ದಾಗ ಯಂತ್ರ ಗುರುತಿಸುವುದು ಸೆಕೆಂಡಿಗೆ −150ರಿಂದ +150ರವರೆಗೆ ಮಾತ್ರ. ರಕ್ತ 180ರಲ್ಲಿ ಹರಿದರೆ ಅದು ಸುತ್ತಿಕೊಂಡು −120 ಎಂದು ಬೀಳುತ್ತದೆ. ಬಿಳಿ ನಾಳದ ನಟ್ಟನಡುವೆ, ವೇಗ ಅತಿ ಹೆಚ್ಚಿರುವ ಕಡೆ, ಅಂಚು ಕತ್ತರಿಸಿಟ್ಟಂತೆ ಕಪ್ಪು ಚುಕ್ಕೆ ಕಂಡರೆ ಇದೇ. ನಿಜವಾದ ಹಿಮ್ಮುಖ ಹರಿವಿಗೆ ಅಂಥ ಚೂಪಾದ ಅಂಚು ಇರುವುದಿಲ್ಲ. ನಿರೀಕ್ಷಿತ ಗರಿಷ್ಠ ವೇಗಕ್ಕಿಂತ ವೆಂಕ್ ಹತ್ತಿಪ್ಪತ್ತು ಶೇಕಡಾ ಮೇಲಿಡಿ. ಸುಮ್ಮನೆ 400 ಇಟ್ಟು ನಿಶ್ಚಿಂತರಾಗಬೇಡಿ, ನಿಧಾನ ಹರಿವೆಲ್ಲ ಗದ್ದಲದಲ್ಲಿ ಕಳೆದುಹೋಗುತ್ತದೆ.

ಎರಡೂ ಹೊಂದದಿರುವುದಕ್ಕೆ ನಮ್ಮ ಮೊದಲ ಅನುಮಾನ ಹಿನ್ನೆಲೆಯ ಫೇಸ್ ದೋಷದ ಮೇಲೆ. ಗ್ರೇಡಿಯಂಟ್‌ಗಳು (ಕಾಂತಕ್ಷೇತ್ರವನ್ನು ಬದಲಿಸುವ ಸುರುಳಿಗಳು) ಹುಟ್ಟಿಸುವ ಸುಳಿ ವಿದ್ಯುತ್ತಿನಿಂದ ನಿಂತ ಅಂಗಾಂಶಕ್ಕೂ ಒಂದು ಸುಳ್ಳು ವೇಗ ಬರುತ್ತದೆ. ಸೆಕೆಂಡಿಗೆ 1 ಸೆಂಟಿಮೀಟರ್ ಅಷ್ಟೇ ಎಂದು ಬಿಡುವಂತಿಲ್ಲ. 3 ಸೆಂಟಿಮೀಟರ್ ವ್ಯಾಸದ ಮಹಾಪಧಮನಿಯ ಅಡ್ಡಕೊಯ್ತ ಸುಮಾರು 7 ಚದರ ಸೆಂಟಿಮೀಟರ್. ಬಡಿತ 60 ಇದ್ದರೆ ಪ್ರತಿ ಬಡಿತಕ್ಕೆ 7 ಮಿಲಿಲೀಟರ್ ತಪ್ಪು. 80 ಮಿಲಿಲೀಟರಿನಲ್ಲಿ ಅದು ಶೇಕಡಾ 9ರ ಹತ್ತಿರ. ಇನ್ನೊಂದು ನಾಳದಲ್ಲಿ ದೋಷ ವಿರುದ್ಧ ದಿಕ್ಕಿಗಿದ್ದರೆ ವ್ಯತ್ಯಾಸ ದುಪ್ಪಟ್ಟು. ನಾಳವನ್ನು ಅಯಸ್ಕಾಂತದ ಕೇಂದ್ರಕ್ಕೆ ತನ್ನಿ. ರೋಗಿ ಇಳಿದ ಮೇಲೆ ಒಂದು ಸೆಟ್ಟಿಂಗನ್ನೂ ಮುಟ್ಟದೆ ಅದೇ ಜಾಗದಲ್ಲಿ ಫ್ಯಾಂಟಮ್ (ಅಲುಗಾಡದ ಪರೀಕ್ಷಾ ವಸ್ತು) ಇಟ್ಟು ಮತ್ತೆ ಸ್ಕ್ಯಾನ್ ಮಾಡಿ, ಬಂದ ಸುಳ್ಳು ವೇಗವನ್ನು ಕಳೆಯಿರಿ. ಬೇಸರದ ಕೆಲಸ, ಆದರೆ ಇದಕ್ಕಿಂತ ನೆಚ್ಚಬಹುದಾದ ದಾರಿ ಇಲ್ಲ.

ವಿದ್ಯಾರ್ಥಿಗಳು ಸ್ಲೈಸಿನ ಕೋನಕ್ಕೆ ಹೆಚ್ಚು ಹೆದರುತ್ತಾರೆ. 20 ಡಿಗ್ರಿ ವಾಲಿದರೆ ಗರಿಷ್ಠ ವೇಗ ಶೇಕಡಾ 6 ಕಡಿಮೆ ಬರುತ್ತದೆ, ಅದು ನಿಜ. ಆದರೆ ಅಡ್ಡಕೊಯ್ತ ಅಷ್ಟೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಟ್ಟು ಹರಿವು ಹೆಚ್ಚು ಬದಲಾಗುವುದಿಲ್ಲ. ಇನ್ನೊಂದು: ಕರೊನರಿಗಳು ಹೊರಟ ಮೇಲಿನ ಜಾಗದಲ್ಲಿ ಅಳೆದರೆ ಅವುಗಳ ಪಾಲಿನ ನಾಲ್ಕೈದು ಶೇಕಡಾ ಮಹಾಪಧಮನಿಯ ಲೆಕ್ಕದಲ್ಲಿ ಸಿಗುವುದಿಲ್ಲ. ಅಷ್ಟು ವ್ಯತ್ಯಾಸ ಇರಬೇಕಾದದ್ದೇ.

ಪ್ರಶ್ನೆ: ಸ್ಟೆಂಟ್ ಅಥವಾ ಪೇಸ್‌ಮೇಕರ್ ಇದ್ದವರು ಮಾಡಿಸಬಹುದೇ?

ಉತ್ತರ: ಈಗಿನ ಕರೊನರಿ ಸ್ಟೆಂಟ್‌ಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಕಾರ್ಡ್ ತೋರಿಸಿ. ಪೇಸ್‌ಮೇಕರ್ ಆದರೆ ಯಂತ್ರದ ಜೊತೆಗೆ ಅದರ ತಂತಿಗಳ ಮಾದರಿಯನ್ನೂ ತಿಳಿಸಬೇಕು. ಎರಡೂ ಎಂಆರ್‌ಐಗೆ ಒಪ್ಪುವಂಥವಾಗಿರಬೇಕು. ಹಳೆಯ, ಬಳಸದೆ ಬಿಟ್ಟ ತಂತಿ ಎದೆಯೊಳಗೆ ಉಳಿದಿದ್ದರೆ ಮರೆಯದೆ ಹೇಳಿ. ಸ್ಕ್ಯಾನಿಗೆ ಮೊದಲು ಆಸ್ಪತ್ರೆಯವರು ಪೇಸ್‌ಮೇಕರಿನ ಮೋಡ್ ಬದಲಿಸುತ್ತಾರೆ. ಮುಗಿದ ಮೇಲೆ ಅವರು ಅದನ್ನು ಹಿಂದಿನ ಮೋಡ್‌ಗೆ ತಂದು ಪರೀಕ್ಷಿಸಿದ ನಂತರವೇ ಮನೆಗೆ ಹೊರಡಿ.

ಪ್ರಶ್ನೆ: ಸಂಶೋಧನೆಯೊಂದರಲ್ಲಿ ಸ್ವಯಂಸೇವಕನಾಗಿ ಪಾಲ್ಗೊಂಡೆ. ನನ್ನ ಹೃದಯಸ್ನಾಯುವಿನ ಟಿ1 (ಅಂಗಾಂಶದ ಗುಣ ತೋರಿಸುವ ಎಂಆರ್‌ಐ ಅಳತೆ, ಮಿಲಿಸೆಕೆಂಡಿನಲ್ಲಿ) 1180 ಎಂದು ಬಂತು. ಹಿಂದೆ ಬೇರೆ ಕಡೆ 990 ಇತ್ತು. ಕಾಯಿಲೆ ಶುರುವಾಗಿದೆಯೇ?

ಉತ್ತರ: ಮೊದಲು ಯಂತ್ರ ಯಾವುದೆಂದು ಕೇಳಿ. 990 ಎನ್ನುವುದು 1.5 ಟೆಸ್ಲಾಗೆ, 1180 ಎನ್ನುವುದು 3 ಟೆಸ್ಲಾಗೆ ಸಹಜವಾದ ಅಂಕಿ. ಎರಡೂ 1.5 ಆಗಿದ್ದರೆ ಮಾತ್ರ ಯೋಚಿಸುವ ವಿಷಯ. ಒಂದೇ ಶಕ್ತಿಯ ಯಂತ್ರಗಳಲ್ಲೂ ವಿಧಾನ ಬದಲಾದರೆ ಅಂಕಿ ಬದಲಾಗುತ್ತದೆ. 2014ರಲ್ಲಿ ಶುರುವಾಗಿ 1,00,000 ಜನರ ಸ್ಕ್ಯಾನ್ ಮಾಡಿದ ಬ್ರಿಟನ್ನಿನ ಸಂಶೋಧನಾ ಯೋಜನೆ ಯುಕೆ ಬಯೋಬ್ಯಾಂಕ್ ಎಲ್ಲ ಕೇಂದ್ರಗಳಲ್ಲೂ ಹೃದಯಕ್ಕೆ 1.5 ಟೆಸ್ಲಾದ ಒಂದೇ ಮಾದರಿಯ ಯಂತ್ರ ಇಟ್ಟದ್ದು ಸುಮ್ಮನೆ ಅಲ್ಲ.

ಗ್ಯಾಡೋಲಿನಿಯಂ ಕೊಟ್ಟಿದ್ದರೆ ಇಸಿವಿ ಕೇಳಿ ಪಡೆಯಿರಿ. ಅದು ಕೋಶಗಳ ನಡುವಿನ ಜಾಗದ ಪಾಲು, ಆರೋಗ್ಯವಂತರಲ್ಲಿ ಸುಮಾರು ಶೇಕಡಾ 25. ಯಂತ್ರದ ಪ್ರಭಾವ ಅದರ ಮೇಲೆ ಕಡಿಮೆ. ಸ್ನಾಯುವಿನ ಟಿ1 1000ದಿಂದ 450ಕ್ಕೆ, ರಕ್ತದ್ದು 1600ರಿಂದ 300ಕ್ಕೆ ಇಳಿಯಿತು ಎನ್ನೋಣ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 42 ಇದ್ದರೆ ಇಸಿವಿ 26 ಬರುತ್ತದೆ. ಹಿಮಟೋಕ್ರಿಟ್ 36 ಎಂದು ಹಾಕಿದರೆ ಅದೇ ಚಿತ್ರಗಳಿಂದ 29 ಬರುತ್ತದೆ, ಆರೋಗ್ಯವಂತನಿಗೆ ಗಾಬರಿ ಹುಟ್ಟಿಸಲು ಅಷ್ಟು ಸಾಕು. ಹಾಗಾಗಿ ನಿಮ್ಮ ಹಿಮಟೋಕ್ರಿಟ್ ಸ್ಕ್ಯಾನ್ ದಿನವೇ ತೆಗೆದ ರಕ್ತದ್ದೋ, ಆರು ತಿಂಗಳ ಹಿಂದಿನ ರಿಪೋರ್ಟಿನದ್ದೋ ಎಂದು ಕೇಳಿ. ಜೊತೆಗೆ ಆ ಕೇಂದ್ರ ತನ್ನದೇ ಯಂತ್ರದಲ್ಲಿ ಆರೋಗ್ಯವಂತರನ್ನು ಅಳೆದು ಮಾಡಿಟ್ಟುಕೊಂಡ ಮಿತಿಯನ್ನೂ ಕೇಳಿ, ನಿಮ್ಮ 1180 ಅನ್ನು ಅದರ ಪಕ್ಕದಲ್ಲಿಟ್ಟು ನೋಡಿ.