ಸಿಮ್ಯುಲೇಶನ್ ಸಂಖ್ಯೆ ಮತ್ತು ಕಾಳಗದ ದಾಖಲೆ

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆನ್‌ಲೈನ್ ಆಟದ ರೇಡ್‌ಗಳಲ್ಲಿ (ತಂಡ ಕಟ್ಟಿ ಪ್ರಬಲ ಶತ್ರುಗಳೊಡನೆ ನಡೆಸುವ ಕಾಳಗಗಳಲ್ಲಿ), ಸಿಮ್ಯುಲೇಶನ್ (ಕಂಪ್ಯೂಟರ್ ಲೆಕ್ಕಹಾಕುವ ಅಣಕು ಕಾಳಗ) ತೋರಿಸುವಷ್ಟು ಹಾನಿಯನ್ನು ಮಾಡಲು ನನಗೆ ಆಗುತ್ತಿಲ್ಲ. ಇನ್ನೂ ಉತ್ತಮ ಸಲಕರಣೆಗಳು ಬೇಕೇ?

ಉತ್ತರ: ಸಲಕರಣೆಗಿಂತ ಮೊದಲು ನಿಮ್ಮ ಆಟವನ್ನೇ ಪರೀಕ್ಷಿಸಿ. ರೇಡ್‌ಬಾಟ್ಸ್ ತಾಣವು ಬಳಸುವ ಸಿಮ್ಯುಲೇಶನ್‌ಕ್ರಾಫ್ಟ್ ತಂತ್ರಾಂಶವು ಒಂದೇ ಕಾಳಗವನ್ನು ಸಾವಿರಾರು ಬಾರಿ ನಡೆಸಿ ಸರಾಸರಿ ತೆಗೆಯುತ್ತದೆ. ಅದರ ‘ಪ್ಯಾಚ್‌ವರ್ಕ್’ ಮಾದರಿಯಲ್ಲಿ ಶತ್ರು ನಿಂತಲ್ಲೇ ನಿಂತಿರುತ್ತಾನೆ, ನೀವೂ ಓಡಬೇಕಾಗಿಲ್ಲ. ಪಾತ್ರ ತೊಡುವ ಎರಡು ಉಂಗುರಗಳಲ್ಲಿ ಯಾವುದು ಮೇಲೆಂದು ಹೋಲಿಸಲು ಅದು ಬಹಳ ಉಪಯುಕ್ತ, ಆದರೆ ಆ ಸಂಖ್ಯೆಯೇ ನೀವು ಮುಟ್ಟಲೇಬೇಕಾದ ಗುರಿಯಲ್ಲ.

ಕೊರತೆ ಎಲ್ಲಿದೆ ಎಂಬುದನ್ನು ತೋರಿಸುವುದು ಕಾಂಬ್ಯಾಟ್ ಲಾಗ್, ಅಂದರೆ ಕಾಳಗದ ದಾಖಲೆ. ಆಟದಲ್ಲಿನ ಅಡ್ವಾನ್ಸ್ಡ್ ಕಾಂಬ್ಯಾಟ್ ಲಾಗಿಂಗ್ ಆಯ್ಕೆಯನ್ನು ಚಾಲೂ ಮಾಡಿ, ಕಾಳಗವನ್ನು ದಾಖಲಿಸಿಕೊಂಡು, ಆ ಕಡತವನ್ನು ವಾರ್‌ಕ್ರಾಫ್ಟ್ ಲಾಗ್ಸ್ ತಾಣಕ್ಕೆ ಏರಿಸಿ. ಇತರ ಆಟಗಾರರೆದುರು ನಿಮ್ಮ ಸ್ಥಾನವನ್ನು ತೋರಿಸುವ ಅಲ್ಲಿನ ಶ್ರೇಯಾಂಕದ ಬಣ್ಣವನ್ನು ಕಂಡು ದಯವಿಟ್ಟು ಕುಗ್ಗಬೇಡಿ. ಕಾಳಗದ ಅವಧಿ ಮತ್ತು ತಂಡದ ನೆರವು ಕೂಡ ಅದನ್ನು ಏರಿಳಿಸುತ್ತವೆ. ನಿಮ್ಮದೇ ಸ್ಪೆಕ್‌ನ (ಪಾತ್ರದ ಪರಿಣತಿಯ), ಹತ್ತಿರದ ಐಟಂ ಲೆವೆಲ್‌ನ (ಸಲಕರಣೆಗಳ ಮಟ್ಟದ), ಹೆಚ್ಚುಕಡಿಮೆ ಅಷ್ಟೇ ಹೊತ್ತು ಹೋರಾಡಿದ ನುರಿತ ಆಟಗಾರರೊಬ್ಬರ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು, ಅವರು ಯಾವ ಸಾಮರ್ಥ್ಯವನ್ನು ಯಾವ ಕ್ಷಣದಲ್ಲಿ, ಎಷ್ಟು ಬಾರಿ ಪ್ರಯೋಗಿಸಿದ್ದಾರೆಂದು ತಾಳ್ಮೆಯಿಂದ ಓದಿ. 2 ನಿಮಿಷಕ್ಕೊಮ್ಮೆ ಸಿಗುವ ಪ್ರಬಲ ಸಾಮರ್ಥ್ಯವನ್ನು 6 ನಿಮಿಷದ ಕಾಳಗದಲ್ಲಿ 3 ಬಾರಿ ಬಳಸಲು ಸಾಧ್ಯ. ನೀವು ಎರಡೇ ಬಾರಿ ಬಳಸಿದ್ದರೆ, ಆ ನಷ್ಟವನ್ನು ಹೊಸ ಉಂಗುರದಿಂದ ತುಂಬಿಕೊಳ್ಳುವುದು ಕಷ್ಟ. ಓಡುವಾಗ ಏನನ್ನೂ ಪ್ರಯೋಗಿಸದೆ ಕಳೆದ ಸೆಕೆಂಡುಗಳನ್ನೂ ಅದೇ ದಾಖಲೆಯಲ್ಲಿ ಗುರುತಿಸಿಕೊಳ್ಳಿ.