ನರಕೋಶ ಬಿಟ್ಟು ಹೃದಯಕ್ಕೆ ಹೋದರೆ ಕೆರಿಯರ್ ಕೆಡುತ್ತಾ?

ಬೆಂಗಳೂರಿನಲ್ಲಿ ನರಕೋಶದ ಅಯಾನ್ ಚಾನೆಲ್‌ಗಳ (ವಿದ್ಯುದಾವೇಶದ ಕಣಗಳು ದಾಟುವ ಪುಟ್ಟ ಬಾಗಿಲುಗಳ) ಮೇಲೆ ಪಿಎಚ್‌ಡಿ ಮುಗಿಸಿದ್ದೀರಿ. ಈಗ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಸಿಕ್ಕಿದೆ, ಆದರೆ ಅದು ಹೃದಯದ ಲ್ಯಾಬ್. ಇಷ್ಟು ವರ್ಷದ ಕಲಿಕೆ ನೀರುಪಾಲಾಗುತ್ತಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ.

ಮೊದಲನೇ ಭಯ ಬಿಟ್ಟುಬಿಡಿ. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅನ್ನುವುದನ್ನು 1921ರಲ್ಲಿ ವಿಜ್ಞಾನಿ ಆಟೋ ಲೊಯ್ವಿ ತೋರಿಸಿದ್ದೇ ಕಪ್ಪೆಯ ಹೃದಯದಲ್ಲಿ. ಎಚ್‌ಇಆರ್‌ಜಿ ಅನ್ನುವ ಪೊಟ್ಯಾಸಿಯಂ ಚಾನೆಲ್ ಕಥೆ ಇನ್ನೂ ಚೆನ್ನಾಗಿದೆ. ಈಥರ್ ಕೊಟ್ಟಾಗ ಕಾಲು ಅದುರಿಸುವ ಹಣ್ಣುನೊಣದಿಂದ ಅದರ ಜಾಡು ಶುರು. 1994ರಲ್ಲಿ ಮನುಷ್ಯರ ಜೀನ್ ಸಿಕ್ಕಿದ್ದು ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದ ಡಿಎನ್‌ಎ ಸಂಗ್ರಹದಲ್ಲಿ. ಮರುವರ್ಷವೇ, ಆ ಜೀನ್ ಕೆಟ್ಟರೆ ಹೃದಯದ ಬಡಿತ ತಪ್ಪಿ ಜೀವಕ್ಕೇ ಕುತ್ತು ಬರಬಹುದು ಅಂತ ಗೊತ್ತಾಯಿತು. ಅಲರ್ಜಿಯ ಮಾತ್ರೆ ಟರ್ಫೆನಡೀನ್ ಮಾರುಕಟ್ಟೆಯಿಂದ ಹೋಗಿದ್ದು ಈ ಚಾನೆಲ್ಲನ್ನು ತಡೆಯುತ್ತಿದ್ದುದರಿಂದಲೇ. ಈಗ ಹೊಸ ಔಷಧ ತಯಾರಿಸುವವರು ಅದು ಈ ಚಾನೆಲ್ಲನ್ನು ತಡೆಯುತ್ತದಾ ಅಂತ ಮೊದಲು ಪರೀಕ್ಷೆ ಮಾಡಿಸುತ್ತಾರೆ. ಹಾಗಾಗಿ ಪ್ಯಾಚ್ ಕ್ಲ್ಯಾಂಪ್ (ಚಾನೆಲ್ ಮೂಲಕ ಹರಿಯುವ ವಿದ್ಯುತ್ ಅಳೆಯುವ ವಿಧಾನ) ಗೊತ್ತಿರುವವರಿಗೆ ಫಾರ್ಮಾ ಬಾಗಿಲೂ ತೆರೆದಿರುತ್ತದೆ. ಅಂದಹಾಗೆ, ಆ ವಿಧಾನದಿಂದ ಒಂದೊಂದೇ ಅಯಾನ್ ಚಾನೆಲ್ಲಿನ ಕೆಲಸ ತೋರಿಸಿ 1991ರಲ್ಲಿ ನೊಬೆಲ್ ಪಡೆದ ವಿಜ್ಞಾನಿಗಳಾದ ನೆಹೆರ್, ಸಾಕ್‌ಮನ್ ಜೋಡಿ ಅದನ್ನು ಕಟ್ಟಿದ್ದು ನೀವು ಹೋಗುತ್ತಿರುವ ಊರಲ್ಲೇ!

ಕಷ್ಟ ಬೇರೆ ಕಡೆ ಇದೆ. ಇಲಿಯ ಹೃದಯದಿಂದ ಕೋಶ ಬಿಡಿಸುವುದು ಮೆದುಳಿನ ಸ್ಲೈಸ್ ಕತ್ತರಿಸಿದಂತಲ್ಲ. ಬಿಡಿಸುವಾಗ ತೆಗೆದ ಕ್ಯಾಲ್ಸಿಯಂ ಅವಸರದಲ್ಲಿ ವಾಪಸ್ ಕೊಟ್ಟರೆ ಕೋಶಗಳೆಲ್ಲಾ ಸುರುಟಿಕೊಂಡು ಸಾಯುತ್ತವೆ. ಬೆಳಿಗ್ಗೆ ಬಿಡಿಸಿದ ಕೋಶಗಳಲ್ಲಿ ಸಂಜೆಯೊಳಗೆ ಅಳತೆ ಮುಗಿಸಬೇಕು. ಊಟದ ಹೊತ್ತನ್ನು ಅವೇ ಗೊತ್ತುಮಾಡುತ್ತವೆ. ಅಲ್ಲಿಗೆ ಹೋದ ತಕ್ಷಣ ಪ್ರಾಣಿ ಪ್ರಯೋಗದ ತರಬೇತಿಗೆ ಹೆಸರು ಕೊಡಿ. ಅದಿಲ್ಲದೆ ಇಲಿ ಮುಟ್ಟಲು ಬಿಡುವುದಿಲ್ಲ.

ಇದಕ್ಕಿಂತ ದೊಡ್ಡದು ಕಾಂಟ್ರ್ಯಾಕ್ಟ್. ಪಿಎಚ್‌ಡಿ ನಂತರ ಜರ್ಮನಿಯ ಯೂನಿವರ್ಸಿಟಿಗಳಲ್ಲಿ ತಾತ್ಕಾಲಿಕ ಕೆಲಸಕ್ಕೆ ಕಾನೂನು ಸಾಮಾನ್ಯವಾಗಿ 6 ವರ್ಷದ ಮಿತಿ ಹಾಕಿದೆ. ಮೆಡಿಸಿನ್‌ಗೆ 9 ವರ್ಷ. ಮಕ್ಕಳಿದ್ದರೆ ಇನ್ನೂ ಸ್ವಲ್ಪ ಕಾಲ ಸಿಗುತ್ತದೆ, ಪ್ರಾಜೆಕ್ಟ್ ಹಣದ ಕೆಲಸಕ್ಕೆ ಬೇರೆ ದಾರಿ ಇದೆ. ಆದರೂ ಕಾಯಂ ಹುದ್ದೆ ಬಹಳ ಕಡಿಮೆ. ಎಷ್ಟೋ ಜನ ಒಳ್ಳೆಯ ಪೇಪರ್ ಇಟ್ಟುಕೊಂಡೇ ಊರೂರು ಅಲೆಯುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಆದರೆ ನನ್ನ ಅನಿಸಿಕೆಯಿಂದ ಕಾನೂನು ಬದಲಾಗಲ್ಲ ಬಿಡಿ. ಮೊದಲ ವರ್ಷದಿಂದಲೇ ನಿಮ್ಮ ಹೆಸರಲ್ಲಿ ಫೆಲೋಶಿಪ್, ಗ್ರ್ಯಾಂಟ್‌ಗೆ ಬರೆಯಿರಿ. ಬಾಸ್ ಒಳ್ಳೆಯವರು ಅಂತ ಸುಮ್ನೆ ಕೂರಬೇಡಿ.

ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು. ಮನೆ ಹುಡುಕಲು, ಡಾಕ್ಟರ ಬಳಿ, ಸರ್ಕಾರಿ ಪತ್ರ ಓದಲು ಜರ್ಮನ್ ಬೇಕೇ ಬೇಕು. ಬ್ಲೂ ಕಾರ್ಡ್ (ಹೊರದೇಶದ ಪರಿಣತರಿಗೆ ಕೊಡುವ ಕೆಲಸ, ವಾಸದ ಪರವಾನಗಿ) ಸಿಕ್ಕಿ ಬಿ1 ಮಟ್ಟದ (ದಿನಬಳಕೆಗೆ ಸಾಲುವಷ್ಟು) ಜರ್ಮನ್ ಇದ್ದರೆ 21 ತಿಂಗಳಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ ತಂದಿಡಿ.

ಸಹಿ ಹಾಕುವ ಮೊದಲು ಒಂದು ಕೇಳಿ: ಸಂಬಳದ ಕೆಲಸವಾ, ಸ್ಟೈಪೆಂಡಾ (ನೌಕರಿಯ ಒಪ್ಪಂದವಿಲ್ಲದ ಸಹಾಯಧನ)? ಸ್ಟೈಪೆಂಡ್ ಆದರೆ ಪೆನ್ಶನ್‌ಗೆ ಹಣ ಕಟ್ಟುವುದಿಲ್ಲ, ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ನಿಮ್ಮ ತಲೆಮೇಲೆ. ಉತ್ತರವನ್ನು ಈಮೇಲ್‌ನಲ್ಲೇ ತರಿಸಿಕೊಳ್ಳಿ.