ಬಹ್ರೇನಿಗೆ ಯಾರೂ ಬರಲಿಲ್ಲ

ಚೆಂಬೂರಿನ ಓದುಗರಿಗೆ ನಮಸ್ಕಾರ.

ದೊಡ್ಡ ದೇಶಗಳು ಎಣ್ಣೆ ಇದ್ದಲ್ಲಿಗೆ ಮಾತ್ರ ಸೈನ್ಯ ಕಳಿಸುತ್ತವೆ, ಜನರನ್ನು ದಬ್ಬಾಳಿಕೆಯಿಂದ ಬಿಡಿಸುತ್ತೇವೆ ಅನ್ನುವುದೆಲ್ಲ ನೆಪ ಎಂದು ಬರೆದಿದ್ದೀರಿ. ಮಾಹುಲ್ ರಿಫೈನರಿಯ ಚಿಮಣಿ ಬೆಂಕಿ ರಾತ್ರಿಯೆಲ್ಲ ನಿಮ್ಮ ಬಾಲ್ಕನಿಗೆ ಕಾಣುತ್ತದಂತೆ. ಅಣ್ಣನ ಮಗ ಇಪ್ಪತ್ತು ವರ್ಷದಿಂದ ಬಹ್ರೇನಿನ ರಾಜಧಾನಿ ಮನಾಮಾದಲ್ಲಿ ದುಡಿಯುತ್ತಿದ್ದಾರಂತೆ.

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. 1951ರಲ್ಲಿ ಇರಾನಿನ ಮೊಸಾದ್ದೆಘ್ ಬ್ರಿಟಿಷರ ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. 1953ರಲ್ಲಿ ಅಮೆರಿಕ, ಬ್ರಿಟನ್‌ಗಳ ಗೂಢಚಾರ ಸಂಸ್ಥೆಗಳು ಸೇರಿ ಅವರನ್ನು ಇಳಿಸಿದವು. ಇಳಿದವರು ಸಂಸತ್ತಿನ ಬೆಂಬಲವಿದ್ದ ಪ್ರಧಾನಿ, ಬಲಿತದ್ದು ಶಾ ದೊರೆಯ ದಬ್ಬಾಳಿಕೆ. ಮರುವರ್ಷವೇ ಆ ಎಣ್ಣೆಯಲ್ಲಿ ಅಮೆರಿಕದ ಕಂಪನಿಗಳಿಗೆ ಶೇ. 40 ಪಾಲು ಸಿಕ್ಕಿತು.

ಆದರೆ 2011ರಲ್ಲಿ ಪಶ್ಚಿಮದ ದೇಶಗಳು ವಿಮಾನ ಕಳಿಸಿ ಬಾಂಬು ಹಾಕಿದ ಲಿಬಿಯಾಕ್ಕೆ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ. ಅಲ್ಲಿನ ಸರ್ವಾಧಿಕಾರಿ ಗಡಾಫಿ ಮೊದಲೇ ಯುರೋಪಿಗೆ ಎಣ್ಣೆ ಮಾರುತ್ತಿದ್ದ, ಇಟಲಿಯ ಎನಿ ಕಂಪನಿ ಅಲ್ಲಿ ಬೇರೂರಿತ್ತು. ಬರೀ ಎಣ್ಣೆ ಬೇಕಿದ್ದರೆ ಅವನನ್ನು ಇರಗೊಡುವುದೇ ಸುಲಭವಿತ್ತು.

ಎಣ್ಣೆ ಕರೆಸುವ ಸೈನ್ಯಕ್ಕಿಂತ ಎಣ್ಣೆ ಮುಚ್ಚಿಸುವ ಬಾಯಿಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಲಿಬಿಯಾದ ನಾಗರಿಕರನ್ನು ಕಾಯಲು ಬಲ ಬಳಸಬಹುದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿದ್ದು 2011ರ ಮಾರ್ಚ್ 17ರಂದು (ಭಾರತ ಮತ ಹಾಕದೆ ದೂರ ಉಳಿಯಿತು). ಮೂರೇ ದಿನ ಮೊದಲು ಸೌದಿ ಪಡೆಗಳು ಕಡಲ ಸೇತುವೆ ದಾಟಿ ಬಹ್ರೇನಿನ ದೊರೆಯ ಬೆಂಬಲಕ್ಕೆ ಬಂದಿಳಿದಿದ್ದವು. ಮನಾಮಾದ ಪರ್ಲ್ ವೃತ್ತದಲ್ಲಿ ಹಕ್ಕು ಕೇಳಿ ಕೂತಿದ್ದವರನ್ನು ಎಬ್ಬಿಸಿ ಓಡಿಸಲಾಯಿತು. 18ರಂದು ಹಾಯಿಗಳ ನೆತ್ತಿಯ ಮೇಲೆ ಮುತ್ತು ಹೊತ್ತಿದ್ದ ಅಲ್ಲಿನ ಸ್ಮಾರಕವನ್ನೂ ನೆಲಸಮ ಮಾಡಿದರು, ಜನ ಮತ್ತೆ ಸೇರಲು ಗುರುತೇ ಉಳಿಯದಂತೆ. ಅವರನ್ನು ಕಾಯಲು ಯಾವ ವಿಮಾನವೂ ಹಾರಲಿಲ್ಲ. ಬಹ್ರೇನಿನಲ್ಲಿ ಎಣ್ಣೆ ಕಡಿಮೆ, ನಿಜ. ಆದರೆ ಅಮೆರಿಕದ ಐದನೇ ನೌಕಾಪಡೆಯ ನೆಲೆ ಇರುವುದು ಅಲ್ಲೇ. ಸೇತುವೆಯ ಆಚೆ ದಡದಲ್ಲೇ ಸೌದಿಯ ಎಣ್ಣೆ ಸೀಮೆ.

ಇದರಲ್ಲಿ ನಮ್ಮ ಪಾಲೂ ಇದೆ. ಸುಡಾನಿನಲ್ಲಿ ಎಣ್ಣೆಗಾಗಿ ಹಳ್ಳಿಗರನ್ನು ಒಕ್ಕಲೆಬ್ಬಿಸುತ್ತಿದ್ದಾರೆಂಬ ಟೀಕೆ ತಾಳಲಾರದೆ ಕೆನಡಾದ ಕಂಪನಿಯೊಂದು ಅಲ್ಲಿನ ಎಣ್ಣೆ ಯೋಜನೆಯಲ್ಲಿ ಬಿಟ್ಟ ಶೇ. 25 ಪಾಲನ್ನು 2003ರಲ್ಲಿ ಕೊಂಡದ್ದು ನಮ್ಮ ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿ ವಿದೇಶ್. ಆ ಎಣ್ಣೆಯ ಮೊದಲ ಹಡಗು ಬಂದದ್ದು ಮಂಗಳೂರಿಗೆ. ಸುಡಾನಿನ ದಾರ್ಫುರ್ ಪ್ರಾಂತ್ಯ ಯುದ್ಧದಲ್ಲಿ ಹೊತ್ತಿಕೊಂಡದ್ದೂ ಅದೇ ವರ್ಷ.

ಅಣ್ಣನ ಮಗ ರಜೆಗೆ ಬಂದಾಗ, ಆ ಮಾರ್ಚಿನಲ್ಲಿ ಕಂಡದ್ದನ್ನು ಬರೆದುಕೊಡಲು ಹೇಳಿ. ಕೆಲಸದ ಭಯವಿದ್ದರೆ ಹೆಸರು ಹಾಕುವುದಿಲ್ಲ.

— ಸಂಪಾದಕ, ಮುಂಬೈ